ಹುಡುಗಿ ಒಪ್ಪಿಗೆ, ಹಾಡು ಪೆಂಡಿಂಗ್

ನಮ್ಮ ಭಾವನನ್ನ "ಟೀ ಕುಡೀತೀರಾ?" ಅಂತ ಮಾತ್ರ ಯಾವತ್ತೂ ಕೇಳಬೇಡಿ. ಕೇಳಿದ್ರೋ, ಟೀ ಆರತ್ತೆ, ಮೇಲೆ ಕೆನೆ ಕಟ್ಟತ್ತೆ, ನೊಣ ಬಂದು ಈಜಿ ಎದ್ದುಹೋಗತ್ತೆ. ಉತ್ತರ ಮಾತ್ರ ಬರಲ್ಲ. ಈ ಮನುಷ್ಯ ಯಾವುದಾದ್ರೂ ಪ್ರಶ್ನೆಗೆ ನೇರವಾಗಿ "ಹೂಂ" ಅಂದಿದ್ದನ್ನಾಗಲಿ "ಊಹೂಂ" ಅಂದಿದ್ದನ್ನಾಗಲಿ ಕಂಡವರು ಭೂಮಿ ಮೇಲಿಲ್ಲ. ಏನು ಕೇಳಿದ್ರೂ ಕನ್ನಡಕ ಮೂಗಿನ ತುದಿಗೆ ಇಳಿಸಿ ಒಂದೇ ಮಾತು: "ಪರಿಶೀಲಿಸಿ ತಿಳಿಸ್ತೀನಿ."

ಭಾವ ಅಂದ್ರೆ ನಮ್ಮಕ್ಕನ ಗಂಡ. ದೆಹಲಿಯಲ್ಲಿ ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಸೆಕ್ಷನ್ ಆಫೀಸರ್ ಆಗಿದ್ರು. ಯಾವ ಇಲಾಖೆ ಅಂತ ಹೇಳಲ್ಲ. ಹೇಳಿದ್ರೆ ನಿಮ್ಮದೊಂದು ಅರ್ಜಿ ಅಲ್ಲೇ ಕೂತಿದ್ದೀತು, ಆಮೇಲೆ ನನ್ನ ಇನ್‌ಬಾಕ್ಸಿಗೆ ಬಂದು ಕೂರ್ತೀರಿ.

ಆಫೀಸಲ್ಲಿ ಫೈಲು ಬರೀಲಿ, ಅದಕ್ಕೇ ತಾನೇ ಸಂಬಳ? ಇವರು ಮನೇಲೂ ಬರೀತಿದ್ರು! ಜನಕಪುರಿಯ ಆ ಎರಡನೇ ಮಹಡಿ ಮನೆಯಲ್ಲಿ ಕುಕ್ಕರಿನ ರಬ್ಬರ್ ಬದಲಾಯಿಸಬೇಕಾದ್ರೂ ಒಂದು ಫೈಲು ಏಳಬೇಕು. ಎಡಗಡೆ ಟಿಪ್ಪಣಿ ಹಾಳೆ, ಬಲಗಡೆ ಕಾಗದ ಪತ್ರ, ಮೂಲೆಗೆ ತೂತು ಹೊಡೆದು ಬಿಳೀ ಟ್ಯಾಗು. "ಕುಕ್ಕರಿನ ರಬ್ಬರ್ ಸೋರುತ್ತಿರುವುದು ಗಮನಕ್ಕೆ ಬಂದಿದೆ. ಮಂಡಿಸಿದೆ." ಕೆಳಗೆ ಸಹಿ. ಅದೂ ಹಸಿರು ಇಂಕಲ್ಲಿ! ಆಫೀಸಲ್ಲಿ ಹಸಿರು ಇಂಕು ದೊಡ್ಡ ಸಾಹೇಬರಿಗೆ ಮಾತ್ರ ಅಂತೆ. ನಮ್ಮ ಭಾವ ಆ ಆಸೇನ ರಬ್ಬರ್ ಮೇಲೆ ತೀರಿಸ್ಕೊಳ್ತಿದ್ರು.

ಫೈಲು ಮೂರನೇ ಪುಟಕ್ಕೆ ಬರೋ ಹೊತ್ತಿಗೆ ಅಕ್ಕ ಕೆಳಗಿನ ಅಂಗಡಿ ಭಯ್ಯಾ ಹತ್ರ ಹೊಸ ರಬ್ಬರ್ ತಂದು, ಹಾಕಿ, ಅನ್ನ ಮಾಡಿ ಬಡಿಸಿ ಆಗಿರ್ತಿತ್ತು. ಭಾವ ಅದೇ ಅನ್ನ ಕಲೆಸ್ತಾ ಗಂಭೀರವಾಗಿ ಹೇಳೋರು: "ಇವಳೇ, ರಬ್ಬರ್ ಖರೀದಿಗೆ ನನ್ನ ಅಭ್ಯಂತರ ಇಲ್ಲ."

ಇದೆಲ್ಲ ನಮಗೆ ಬಿಟ್ಟಿ ಮನರಂಜನೆ. ಒಂದು ಫೈಲು ಬಿಟ್ಟು.

ಅದನ್ನ ಹೇಳಬೇಕು ಅಂದ್ರೆ ದಾವಣಗೆರೆಗೆ ಹೋಗಬೇಕು. ಭಾವ ಅಕ್ಕನ್ನ ನೋಡೋಕೆ ಬಂದಾಗ ನನಗೆ ಹತ್ತು ವರ್ಷ. ನಮ್ಮನೆ ಇದ್ದಿದ್ದು ಲಾರಿಗಳು ಓಡಾಡೋ ದೊಡ್ಡ ರಸ್ತೆ ಪಕ್ಕ. ಹೆಣ್ಣು ನೋಡೋ ಶಾಸ್ತ್ರ ಅಂದ್ಮೇಲೆ ಹುಡುಗಿ ಒಂದು ಹಾಡು ಹೇಳಲೇಬೇಕಿದ್ದ ಕಾಲ ಅದು. ನಮ್ಮಕ್ಕನಿಗೇನು, ಕಸ ಗುಡಿಸ್ತಾ ಒಂದು ಹಾಡು, ನೀರು ಹಿಡೀತಾ ಒಂದು ಹಾಡು, ನನಗೆ ಜಡೆ ಹಾಕ್ತಾ ಒಂದು ಹಾಡು. ಅವಳ ಸ್ವರ ಮೇಲಕ್ಕೆ ಹೋದಾಗ ನನ್ನ ಜಡೆನೂ ಜೊತೆಗೇ ಮೇಲಕ್ಕೆ ಹೋಗೋದು. ನನಗೆ ಸಂಗೀತ ಅಂದ್ರೆ ಇವತ್ತಿಗೂ ಬುರುಡೆ ಉರಿಯತ್ತೆ, ಕಾರಣ ಅದೇ.

ಅಪ್ಪ ಸ್ಕೂಲ್ ಮೇಷ್ಟ್ರು. ಮಗಳ ಹಾಡು ಅಂದ್ರೆ ಪ್ರಾಣ. ಗಂಡಿನ ಕಡೆಯವರು ಬರೋ ದಿನ ಅದನ್ನ ಟೇಪ್ ಮಾಡ್ಬೇಕು ಅಂತ ಹಟ ಹಿಡಿದ್ರು. ಪ್ಲೇ, ರೆಕಾರ್ಡ್ ಎರಡೂ ಗುಂಡಿ ಒಟ್ಟಿಗೆ ಒತ್ತೋ ಕೆಲಸ ನನಗೆ ಬಂತು. ನಾನೇನು ಮಾಡಿದೆ? ಪ್ಲಗ್ ಪಾಯಿಂಟ್ ಇದ್ದಿದ್ದು ಅಡುಗೆಮನೆ ಬಾಗಿಲಲ್ಲಿ, ಟೇಪ್ ರೆಕಾರ್ಡರನ್ನ ಅಲ್ಲೇ ಇಟ್ಟೆ. ಒಳಗೆ ಅಮ್ಮ ಬೋಂಡಾ ಕರೀತಿದ್ದಳು. ಆ ಬೋಂಡಾ ವಿಷಯ ನೆನಪಿಟ್ಕೊಳ್ಳಿ.

ಅಕ್ಕ ಒಂದು ದೇವರನಾಮ ಹೇಳಿ ತಲೆ ತಗ್ಗಿಸಿದಳು. ಅಪ್ಪ ಸಂಭ್ರಮದಿಂದ ಹುಡುಗನ್ನ ಕೇಳಿದ್ರು: "ಹೇಗಿತ್ತಪ್ಪಾ ಹಾಡು?"

ಹುಡುಗ ಸರ್ಕಾರಿ ಕೆಲಸಕ್ಕೆ ಸೇರಿ ಆಗ ಬರೀ ಒಂದು ವರ್ಷ. ಗಂಟಲು ಸರಿ ಮಾಡ್ಕೊಂಡು ಹೇಳಿದ್ದೇನು ಗೊತ್ತಾ?

"ಪರಿಶೀಲಿಸಿ ತಿಳಿಸ್ತೀನಿ."

ಎಲ್ಲರೂ ಘೊಳ್ಳಂತ ನಕ್ಕರು. ಹುಡುಗ ತಮಾಷೆಯವನು ಅಂದ್ಕೊಂಡ್ರು, ಪಾಪ! ಗಂಡಿನ ಅಪ್ಪ ಅಲ್ಲೇ "ಹುಡುಗಿ ನಮಗೆ ಒಪ್ಪಿಗೆ" ಅಂದು ಎರಡನೇ ಪ್ಲೇಟ್ ಬೋಂಡಾಗೆ ಕೈ ಹಾಕಿದ್ರು. ಹೀಗೆ ಹುಡುಗಿ ಒಪ್ಪಿಗೆ ಆದಳು, ಹಾಡು ಪೆಂಡಿಂಗ್ ಆಯ್ತು.

ಎಷ್ಟು ದಿನ ಪೆಂಡಿಂಗ್ ಅಂತೀರಿ? ಹತ್ತೊಂಬತ್ತು ವರ್ಷ!

ಅಕ್ಕ ಮೊದಲನೇ ವಾರ ಕಾದಳಂತೆ. ಮೊದಲನೇ ತಿಂಗಳು ಕಾದಳಂತೆ. ಆಮೇಲೆ ಅವಳಿಗೂ ರೋಷ. "ಚೆನ್ನಾಗಿತ್ತು ಅನ್ನಿ ಅಂತ ಸೆರಗೊಡ್ಡಿ ಬೇಡ್ಲಾ?" ಅಂದು ಹಾಡೋದನ್ನೇ ನಿಲ್ಲಿಸಿಬಿಟ್ಟಳು. ಪೂರ್ತಿ! ಪುಟ್ಟಿ ಹುಟ್ಟಿದಾಗ ಅದನ್ನ ಮಲಗಿಸೋಕೆ ಲಾಲಿ ಕೂಡ ಹೇಳಲಿಲ್ಲ, ಮಗ್ಗಿ ಹೇಳಿದಳು. ತೊಟ್ಟಿಲು ತೂಗ್ತಾ "ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು." ದೆಹಲಿಯಲ್ಲಿ ಹುಟ್ಟಿ ಬೆಳೆದ ಪುಟ್ಟಿಗೆ ಮಾತಾಡೋಕೆ ಹಿಂದೀನೇ ಬರೋದು, ಹಾಳಾದ್ದು ಮಗ್ಗಿ ಮಾತ್ರ ಅಚ್ಚ ಕನ್ನಡ. ಹದಿಮೂರನೇ ವಯಸ್ಸಲ್ಲೂ ಆ ಹುಡುಗಿ ಗಣಿತ ಪರೀಕ್ಷೆಯಲ್ಲಿ ಆಕಳಿಸೋಳು! ಟೀಚರ್ ಕರೆಸಿ ಕೇಳಿದ್ರೆ ಅಕ್ಕ ಏನಂತ ಹೇಳಬೇಕು?

ಕನ್ನಡ ಸಂಘದ ಹೆಂಗಸರು "ಏನ್ರೀ, ನೀವು ಹಾಡ್ತಿದ್ರಂತಲ್ಲ?" ಅಂತ ಕೇಳಿದ್ರೆ ಅಕ್ಕ ನಕ್ಕು "ನನ್ನ ರಿಸಲ್ಟ್ ಇನ್ನೂ ಬಂದಿಲ್ಲ ರೀ" ಅನ್ನೋಳು. ಅವರೂ ನಗೋರು. ನಾನು ಮಾತ್ರ ನಗ್ತಿರಲಿಲ್ಲ. ಆ ಹೊತ್ತಿಗೆ ಅಕ್ಕ ಸೆರಗಿನ ತುದೀನ ಬೆರಳಿಗೆ ಸುತ್ತಿ ಸುತ್ತಿ ಬಿಚ್ಚೋಳು, ಅದು ನನಗೆ ಕಾಣೋದು.

ಇನ್ನೊಂದು ವಿಚಿತ್ರ ಹೇಳ್ತೀನಿ. ಯಾರೂ ಹಾಡು ಕೇಳದ ಆ ಮನೆಗೆ ಹತ್ತೊಂಬತ್ತು ವರ್ಷದಲ್ಲಿ ಐದು ಟೇಪ್ ರೆಕಾರ್ಡರ್ ಬಂದಿತ್ತು! ಕೇಳಿದ್ರೆ ಭಾವ "ವಾರ್ತೆಗೆ" ಅನ್ನೋರು. "ವಾರ್ತೆಗೆ ರೇಡಿಯೋ ಸಾಕಲ್ವಾ ಭಾವ, ಕ್ಯಾಸೆಟ್ ಯಾಕೆ ಬೇಕು?" ಅಂದ್ರೆ ಕನ್ನಡಕ ಮೂಗಿನ ತುದಿಗೆ ಇಳಿಯೋದು. ಮುಂದಿನ ಮಾತು ನಿಮಗೆ ಗೊತ್ತಲ್ಲ.

ಈಗ ಇಯರ್‌ಫೋನಿಗೆ ಬರ್ತೀನಿ.

ಎರಡು ಸಾವಿರದ ದಶಕದ ನಡುವೆ ನಾನೂ ದೆಹಲಿ ಸೇರಿ ಅಕ್ಕನ ಮನೇಲೇ ಠಿಕಾಣಿ ಹೂಡಿದ್ದೆ. ಓಖ್ಲಾದಲ್ಲಿ ಒಂದು ಬಟ್ಟೆ ಎಕ್ಸ್‌ಪೋರ್ಟ್ ಕಂಪನೀಲಿ ಕೆಲಸ. ಏನು ಕೆಲಸ ಅಂದ್ರೆ, ವಿದೇಶದ ಗಿರಾಕಿ ಇಂಗ್ಲಿಷಲ್ಲಿ ಬೈದಿದ್ದನ್ನ ಹಿಂದಿಯಲ್ಲಿ ಹೊಲಿಗೆ ಮಾಸ್ಟರ್‌ಜಿಗೆ, ಮಾಸ್ಟರ್‌ಜಿ ಹಿಂದಿಯಲ್ಲಿ ಬೈದಿದ್ದನ್ನ ಇಂಗ್ಲಿಷಲ್ಲಿ ಗಿರಾಕಿಗೆ, ನಡುವೆ ಸ್ವಲ್ಪ ಸಕ್ಕರೆ ಬೆರೆಸಿ ತಲುಪಿಸೋದು. ಆ ಸಲ ಮಕ್ಕಳ ಫ್ರಾಕುಗಳು ಹೇಳಿದ ದಿನಕ್ಕೇ ಹಡಗು ಹತ್ತಿದ್ವು. ಗಿರಾಕಿಗೆ ಖುಷಿಯೋ ಖುಷಿ. ದೀಪಾವಳಿಗೆ ಅಂತ ನನ್ನ ಕೈಗೊಂದು ಡಬ್ಬಿ ಇಟ್ಟ. ಕಪ್ಪು ಮಖಮಲ್ಲಿನ ಮೇಲೆ ಒಡವೆ ಥರ ಮಲಗಿದ್ದ ಇಯರ್‌ಫೋನು. ಕಿವಿ ಮೇಲೆ ಕೂರೋದಲ್ಲ, ಕಿವಿ ಒಳಗೇ ಹೊಕ್ಕು ಸಂಸಾರ ಹೂಡೋದು. ಬೆಲೆ ಕೇಳಿದ ನಮ್ಮ ಮ್ಯಾನೇಜರ್ ಎದ್ದು ಹೋಗಿ ನೀರು ಕುಡಿದು ಬಂದ.

ಮನೆಗೆ ತಂದೆ. ಭಾವ ಡಬ್ಬೀನ ದೂರದಿಂದಲೇ ನೋಡಿ ಮೊದಲನೇ ಪ್ರಶ್ನೆ ಎಸೆದ್ರು.

"ಇದು ಉಡುಗೊರೆಯೋ, ಲಂಚವೋ?"

"ಭಾವ! ನಾನು ಹೊಲಿಸಿದ್ದು ಫ್ರಾಕು, ಸೇತುವೆ ಕಟ್ಟಿಸಿಲ್ಲ!"

"ಬರೆದು ಕೊಡು."

ಬರೆದುಕೊಟ್ಟೆ ಮಾರಾಯ್ರೆ. "ಮೇಲ್ಕಂಡ ವಸ್ತುವು ಫ್ರಾಕುಗಳ ಪ್ರೀತಿಯಿಂದ ಬಂದಿದೆ" ಅಂತ. ಅದಕ್ಕೆ ತೂತು ಹೊಡೆದು ಟ್ಯಾಗು ಹಾಕಿದ್ರು. ಹೊಸ ಫೈಲು ಹುಟ್ಟಿತು. ಮೇಲೆ ಹಸಿರು ಅಕ್ಷರದಲ್ಲಿ: "ಕಿವಿಯೊಳಗಿನ ಉಪಕರಣ, ಪರೀಕ್ಷೆ ಕುರಿತು."

"ಭಾವ, ಅದು ನನ್ನದು."

"ನಿನ್ನದೇ. ಪರೀಕ್ಷೆ ಮುಗಿದ ಮೇಲೆ ಕೊಡ್ತೀನಿ."

ಹೋಯ್ತು ಅಂದ್ಕೊಂಡೆ. ಮೊಮ್ಮಕ್ಕಳ ಕಾಲಕ್ಕೆ ಸಿಕ್ಕೀತು.

ಡಬ್ಬಿಯಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಅಂತ ಮೂರು ಅಳತೆಯ ರಬ್ಬರ್ ಟೋಪಿಗಳಿದ್ವು. ಭಾವ ಪುಟ್ಟಿಯ ಕಂಪಾಸ್ ಬಾಕ್ಸಿಂದ ಸ್ಕೇಲ್ ತಂದು ತಮ್ಮ ಕಿವಿ ಅಳೆಯೋಕೆ ಕನ್ನಡಿ ಮುಂದೆ ನಿಂತ್ರು. ಅರ್ಧ ಗಂಟೆ ಆದ್ಮೇಲೆ ಗಾಬರಿಯಿಂದ ಹೊರಗೆ ಬಂದು, "ಇವಳೇ, ನನ್ನ ಎರಡು ಕಿವಿ ಒಂದೇ ಅಳತೆ ಇಲ್ಲ!"

ಅಕ್ಕ ಚಪಾತಿ ಲಟ್ಟಿಸ್ತಾನೇ ಅಂದಳು: "ಅಳತೆ ಬಿಡ್ರಿ, ಎರಡಕ್ಕೂ ನನ್ನ ಮಾತು ಹೋಗಲ್ಲ."

ಪುಟ್ಟಿ ಬಂದು ನೋಡಿ, "ಪಾಪಾ, ಯೇ ತೋ ಬಹುತ್ ಕೂಲ್ ಹೈ! ಮುಝೇ ದೋ ನಾ" ಅಂದಳು. ಅವಳನ್ನ ತಕ್ಷಣ ಪರೀಕ್ಷಾ ಸಮಿತಿಯ ಸದಸ್ಯೆ ಅಂತ ನೇಮಿಸಲಾಯ್ತು. ನಾನೊಬ್ಬಳು ಸದಸ್ಯೆ. ಅಕ್ಕನ್ನೂ ಹಾಕಿದ್ರು. ಅಕ್ಕ ಲಟ್ಟಣಿಗೆ ಕೆಳಗಿಟ್ಟಳು.

"ನನ್ನದೇ ಒಂದು ಫೈಲು ಹತ್ತೊಂಬತ್ತು ವರ್ಷದಿಂದ ಕೊಳೀತಿದೆ. ಇದಕ್ಕೆ ನಾನು ಮೆಂಬರ್ರಾ? ನನ್ನ ರಾಜೀನಾಮೆ ತಗೊಳ್ಳಿ."

ಭಾವ ಅಲ್ಲೇ ಹೆಸರು ಹೊಡೆದುಹಾಕಿದ್ರು.

ಎಡಗಿವಿಗೆ ಸಣ್ಣ ಟೋಪಿ, ಬಲಗಿವಿಗೆ ಮಧ್ಯಮ ಟೋಪಿ ತುರುಕಿಕೊಂಡು ಭಾವ ನಡುಮನೇಲಿ ವಿಗ್ರಹದ ಹಾಗೆ ನಿಂತ್ರು. ನಾನು ವೈರಿನ ತುದಿ ನೋಡಿದೆ. ಪಿನ್ನು ಯಾವುದಕ್ಕೂ ಸಿಕ್ಕಿಸಿಲ್ಲ! ಅಂಗಿ ಜೇಬಲ್ಲಿದೆ.

"ಭಾವ, ಏನು ಕೇಳ್ತಿದ್ದೀರಿ?" ಕೈ ಬೀಸಿ ಬೀಸಿ ಕೇಳಿದೆ. ಒಂದು ಕಿವಿ ಬಿಚ್ಚಿದ್ರು.

"ಏನೂ ಇಲ್ಲ. ಮೊದಲು ನಿಶ್ಶಬ್ದ ಪರೀಕ್ಷೆ. ಶಬ್ದ ಆಮೇಲೆ."

ಹೇಳಿ ಸ್ವಾಮಿ! ಊರವರೆಲ್ಲ ಹಾಡು ಕೇಳೋಕೆ ಇಯರ್‌ಫೋನ್ ಹಾಕ್ಕೊಂಡ್ರೆ, ನಮ್ಮ ಭಾವ ಏನೂ ಕೇಳದೇ ಇರೋದನ್ನ ಕೇಳೋಕೆ ಹಾಕ್ಕೊಂಡಿದ್ರು. ಹತ್ತು ಪೈಸೆ ಹತ್ತಿ ಸಾಕಾಗ್ತಿತ್ತಲ್ಲ!

ಮೊದಲನೇ ಪರೀಕ್ಷೆ ಮಿಕ್ಸಿ. ಅಕ್ಕ ಚಟ್ನಿ ರುಬ್ಬೋವಾಗ ಭಾವ ಅಡುಗೆಮನೆ ಕಟ್ಟೆಗೆ ಒರಗಿ, ಕಣ್ಣು ಮುಚ್ಚಿ ನಿಂತಿದ್ರು. ತೊಂದರೆ ಏನಂದ್ರೆ ಕಿವಿ ಮುಚ್ಕೊಂಡವರಿಗೆ ತಮ್ಮ ದನಿ ಎಷ್ಟು ಜೋರು ಅನ್ನೋದು ತಿಳಿಯಲ್ಲ. ಮಿಕ್ಸಿ ನಿಂತ ಮೇಲೂ ಇವರು ಕಿರುಚಿದ್ರು: "ಇವಳೇ! ನನ್ನ ಪಟ್ಟಾಪಟ್ಟಿ ಚಡ್ಡಿ ಎಲ್ಲಿ ಒಣಗಿಹಾಕಿದ್ದೀಯಾ?" ಎದುರು ಮನೆ ಪಂಜಾಬಿ ಆಂಟಿ ಬಾಗಿಲು ತೆಗೆದು "ಕ್ಯಾ ಹುವಾ ಜಿ?" ಅಂತ ಓಡಿಬಂದ್ರು. ಸದ್ಯ, ಕೂಗಿದ್ದು ಕನ್ನಡದಲ್ಲಿ ತಾನೇ ಅಂತ ಅಕ್ಕ ನಿಟ್ಟುಸಿರು ಬಿಟ್ಟಳು. ಅಷ್ಟರಲ್ಲಿ ಭಾವ ಆಂಟಿಗೆ ಅರ್ಥ ಆಗಲಿ ಅಂತ ಅದನ್ನೇ ಹಿಂದಿಯಲ್ಲಿ, ಇನ್ನೂ ಜೋರಾಗಿ ಹೇಳಿದ್ರು.

ಎರಡನೇ ಪರೀಕ್ಷೆ ಬಸ್ಸು. ಆಗಲೇ ಜನಕಪುರಿಗೆ ಮೆಟ್ರೋ ಬಂದಾಗಿತ್ತು. ಭಾವ ದಿನಾ ಅದರಲ್ಲೇ ಓಡಾಡ್ತಿದ್ದವರು, "ಅದರಲ್ಲಿ ಸದ್ದು ಸಾಲದು" ಅಂತ ಬೇಕಂತಲೇ ಬ್ಲೂಲೈನ್ ಬಸ್ಸು ಹತ್ತಿದ್ರು. ದೆಹಲಿಯ ಬ್ಲೂಲೈನ್ ಬಸ್ಸು ನೋಡದವರಿಗೆ ಹೇಳ್ತೀನಿ, ಅದರಲ್ಲಿ ಹಾರ್ನ್ ಒಂದು ಬಿಟ್ಟು ಉಳಿದ ಎಲ್ಲ ಭಾಗಗಳೂ ಸದ್ದು ಮಾಡ್ತಿದ್ವು. ಹಾರ್ನ್ ಮಾತ್ರ ಅರಚ್ತಿತ್ತು. ಕಂಡಕ್ಟರ್ ಕೈಯಲ್ಲಿ ತಗಡು ಬಡೀತಾ ಜನಕಪುರಿ ಜನಕಪುರಿ ಅಂತ ಬಾಯಿ ಹರ್ಕೊಂಡ. ಇವರಿಗೆ ಕೇಳಿಸಬೇಕಲ್ಲ! ಬಸ್ಸು ಮುಂದೆ ಹೋಯ್ತು, ಕೊನೇ ಸ್ಟಾಪಲ್ಲಿ ನಿಂತಿತು, ಜನ ಇಳಿದ್ರು, ಡ್ರೈವರ್ ಇಳಿದ, ಬಸ್ಸು ತೊಳೆಯೋಕೆ ಬಂದವನು ಬಕೆಟ್ ನೀರು ಎರಚಿದ. ಆಗ ಭಾವ ಕಣ್ಣು ಬಿಟ್ರಂತೆ.

ಒದ್ದೆ ಮುದ್ದೆಯಾಗಿ, ಎರಡು ಗಂಟೆ ತಡವಾಗಿ ಮನೆಗೆ ಬಂದವರ ಮುಖದಲ್ಲಿ ಏನು ಕಳೆ ಅಂತೀರಿ! "ಕಂಡಕ್ಟರ್ ದನಿ ಸೊನ್ನೆ! ಎಂಜಿನ್ ಸೊನ್ನೆ! ಅದ್ಭುತ!"

ಅಕ್ಕ ಟವೆಲ್ ಎಸೆದು, "ಮನೇಲಿ ಹೆಂಡ್ತಿ ಕಾಯ್ತಿದ್ದಾಳೆ ಅನ್ನೋದೂ ಸೊನ್ನೆ" ಅಂದಳು.

ಮೂರನೇದು ಎಲ್ಲಕ್ಕಿಂತ ದೊಡ್ಡದು. ಕಾರ್ತಿಕ ಮಾಸ, ದೆಹಲಿಯಲ್ಲಿ ಮದುವೆ ಸೀಸನ್. ನಮ್ಮ ಬ್ಲಾಕಿನ ಪಾರ್ಕಿಗೆ ಸಂಜೆ ಬರಾತ್ ಬಂತು. ಕುದುರೆ ಮೇಲೆ ಮದುಮಗ, ಮುಂದೆ ಬ್ಯಾಂಡು, ಢೋಲು, ತುತ್ತೂರಿ. ಭಾವ ಎರಡೂ ಕಿವಿಗೆ ಟೋಪಿ ತುರುಕಿ, ಕೈಯಲ್ಲಿ ನೋಟ್‌ಬುಕ್ಕು ಹಿಡಿದು, ಹೋಗಿ ನೇರವಾಗಿ ತುತ್ತೂರಿ ಬಾಯಿಗೆ ಮುಖ ಕೊಟ್ಟು ನಿಂತ್ರು! ಊದೋನು ಬೆದರಿ ಹಿಂದೆ ಸರಿದ. ಇವರು ಮುಂದೆ ಸರಿದ್ರು. ಅವನು ಇನ್ನೂ ಜೋರಾಗಿ ಊದಿದ. ಇವರು ತಲೆ ಆಡಿಸಿ ಏನೋ ಬರ್ಕೊಂಡ್ರು. ಹೀಗೆ ತುತ್ತೂರಿಯ ಮುಂದೆ ಕದಲದೇ ನಿಲ್ಲೋ ಧೈರ್ಯ ಯಾರಿಗಿರತ್ತೆ? ಮದುಮಗನ ಸೋದರತ್ತೆ ಗಂಡನಿಗೇ! ಹೆಣ್ಣಿನ ಕಡೆಯವರು ಹಾಗೇ ತಿಳಿದು "ಫೂಫಾಜಿ, ಫೂಫಾಜಿ" ಅಂತ ಎಳೆದ್ರು, ತಲೆಗೆ ಗುಲಾಬಿ ಪೇಟ ಕಟ್ಟಿದ್ರು, ಕುಣಿಸಿದ್ರು, ಕೂರಿಸಿ ಊಟ ಹಾಕಿದ್ರು. ಪಾಪ, ಇವರಿಗೆ ಒಂದು ಮಾತೂ ಕೇಳಿಸ್ತಿಲ್ಲ. ಬೇಡ ಅನ್ನೋ ಅಭ್ಯಾಸ ಮೊದಲೇ ಇಲ್ಲ.

ಗುಲಾಬಿ ಪೇಟದಲ್ಲೇ ಮನೆಗೆ ಬಂದು ಫೈಲಿಗೆ ಬರೆದ್ರು: "ತುತ್ತೂರಿ ಸಂಪೂರ್ಣ ತಡೆಯಲಾಗಿದೆ. ಢೋಲು ಎದೆಯ ಮೂಲಕ ಸ್ವಲ್ಪ ಬರುತ್ತದೆ, ಉಪಕರಣದ ದೋಷವಲ್ಲ. ಪನೀರ್ ಸಾಧಾರಣ."

ನಾನೂ ಪುಟ್ಟಿಯೂ ನೆಲದ ಮೇಲೆ ಹೊರಳಾಡಿ ನಕ್ವಿ. ಅಕ್ಕ ನಗಲಿಲ್ಲ.

ಯಾಕಂದ್ರೆ ಅದೇ ವಾರ ಕನ್ನಡ ಸಂಘದ ಕಾರ್ಯದರ್ಶಿ ಫೋನ್ ಮಾಡಿದ್ರು. ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಪ್ರಾರ್ಥನೆ ಹೇಳ್ತಿದ್ದವರ ಯಜಮಾನರಿಗೆ ವರ್ಗ ಆಗಿ ಊರು ಬಿಟ್ಟಿದ್ರಂತೆ. "ಈ ಸಲ ನೀವೇ ಹೇಳ್ಬೇಕು ರೀ, ಇಲ್ಲ ಅನ್ನಬಾರದು." ಎಂದಿನ ರಿಸಲ್ಟ್ ಜೋಕು ಹೇಳ್ತಾಳೆ ಅಂತ ನಾನು ಕಾದೆ. ಅಕ್ಕ "ಆಗತ್ತೋ ಇಲ್ವೋ ಭಾನುವಾರ ಸಂಜೆ ತಿಳಿಸ್ತೀನಿ" ಅಂದಳು.

ಅವತ್ತಿಂದ ಹಿಟ್ಟು ನಾದುವಾಗ ಅವಳ ತುಟಿ ಅಲ್ಲಾಡೋದು. ಸದ್ದಿಲ್ಲ. ನಾನು ಹತ್ರ ಹೋದ್ರೆ ನಿಂತುಬಿಡೋದು. ಒಂದು ಸಂಜೆ ತಡೀಲಾರದೆ ಕೇಳಿದಳು: "ಲೇ, ನಾನು ನಿಜವಾಗ್ಲೂ ಚೆನ್ನಾಗಿ ಹೇಳ್ತಿದ್ನಾ?"

"ಸೂಪರಾಗಿ ಹೇಳ್ತಿದ್ದೆ ಕಣೇ ಅಕ್ಕ!"

"ಹೋಗೇ, ನಿನಗೇನು ಗೊತ್ತು. ನೀನು ಜಡೆ ಎಳೆದ್ರೆ ಅಳ್ತಿದ್ದೋಳು." ಆಮೇಲೆ ಹಿಟ್ಟು ನೋಡ್ತಾ, "ಕೇಳಿದವರು ಹೇಳ್ಬೇಕಿತ್ತು. ಆವತ್ತು ಅಷ್ಟು ಜನ ಬೋಂಡಾ ತಿಂದ್ರು. ಹಾಡು ಹೇಗಿತ್ತು ಅಂತ ಒಬ್ಬರಾದ್ರೂ ಹೇಳಿದ್ರಾ?"

ಭಾನುವಾರ ಬಂತು. ಮಧ್ಯಾಹ್ನ ಊಟ ಆಗಿ ನಾಲ್ಕು ಗಂಟೆ. ಭಾವ ಬೆಳಗ್ಗೆಯಿಂದ ಚಿಕ್ಕ ರೂಮು ಸೇರಿದ್ದಾರೆ. ಐದನೇ ಟೇಪ್ ರೆಕಾರ್ಡರ್ ಮುಂದೆ ಕೂತು, ಇಯರ್‌ಫೋನ್ ಪಿನ್ನು ಅದಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿದ್ದಾರೆ. ಅಂತೂ ಶಬ್ದ ಪರೀಕ್ಷೆ ಶುರುವಾಗಿತ್ತು! ಟೇಪ್ ತಿರುಗತ್ತೆ, ನಿಲ್ಲಿಸ್ತಾರೆ, ಹಿಂದಕ್ಕೆ ಓಡಿಸ್ತಾರೆ, ಮತ್ತೆ ಕೇಳ್ತಾರೆ. ಊಟಕ್ಕೂ ಬರಲಿಲ್ಲ.

ಅಕ್ಕ ಬಾಗಿಲಲ್ಲಿ ಹೋಗಿ ನಿಂತಳು. ನಾನೂ ಪುಟ್ಟಿಯೂ ಹಿಂದೆ.

"ರೀ, ಸಂಘದವರು ಫೋನ್ ಮಾಡ್ತಾರೆ. ಹಾಡ್ತೀನಿ ಅನ್ನಲಾ, ಬೇಡವಾ?"

ಕಣ್ಣು ತೆಗೀಲಿಲ್ಲ.

"ರೀ, ನಿಮ್ಮನ್ನೇ."

ಅವಳು ಬಾಗಿಲು ಗುದ್ದಿದ ಅದುರಿಗೆ ಭಾವ ಒಂದು ಬೆರಳು ಎತ್ತಿದ್ರು. ತಾಳು ಅನ್ನೋ ಹಾಗೆ.

ಅಷ್ಟೇ. ಹತ್ತೊಂಬತ್ತು ವರ್ಷ ತಾಳಿದೋಳಿಗೆ ಆ ಒಂದು ಬೆರಳು ತಾಳೋಕೆ ಆಗಲಿಲ್ಲ. "ಇನ್ನೂ ಎಷ್ಟು ತಾಳ್ಬೇಕ್ರೀ ನಾನು?" ಅಂತ ಮುನ್ನುಗ್ಗಿ ವೈರಿಗೆ ಕೈ ಹಾಕಿ ಎಳೆದಳು ನೋಡಿ! ಟೋಪಿ ಎರಡೂ ಕಿವಿಯಿಂದ ಉದುರಿದ್ವು, ಪಿನ್ನೂ ಕಿತ್ತು ಬಂತು. ಪಿನ್ನು ಕಿತ್ತರೆ ಟೇಪ್ ರೆಕಾರ್ಡರಿನ ಸ್ಪೀಕರ್ ಬಾಯಿ ಬಿಡತ್ತಲ್ಲ. ರೂಮು ತುಂಬ ಸದ್ದು ಸುರೀತು.

ಚುಂಯ್... ಚುರ್ರ್... ಚಟಪಟ... ಒಂದು ಲಾರಿ ಹಾರ್ನು... ಮತ್ತೆ ಚುಂಯ್...

"ಪಾಪಾ, ಯೇ ಕೌನ್ಸಾ ಮ್ಯೂಸಿಕ್ ಹೈ?" ಅಂದಳು ಪುಟ್ಟಿ.

ಅಕ್ಕ ಸ್ಪೀಕರಿಗೆ ಕಿವಿ ಕೊಟ್ಟಳು. ಆಮೇಲೆ ನಿಧಾನವಾಗಿ, "ಇದು... ಇದು ನಮ್ಮಮ್ಮನ ಬಾಣಲೆ."

ನಾನು ಅಡುಗೆಮನೆ ಬಾಗಿಲಲ್ಲಿಟ್ಟ ಟೇಪು! ಆವತ್ತಿನ ಕ್ಯಾಸೆಟ್ಟು!

"ನಿಮ್ಮ ಹತ್ರ ಹೇಗೆ ಬಂತ್ರೀ ಇದು?"

"ನಿಮ್ಮ ತಂದೆ ಕೊಟ್ರು. ಬಸ್ಸು ಹತ್ತೋವಾಗ." ಭಾವ ಕನ್ನಡಕ ತೆಗೆದು ಕೈಯಲ್ಲಿ ಹಿಡ್ಕೊಂಡ್ರು. "ಪರಿಶೀಲಿಸಬೇಕು ಅಂದ್ರಲ್ಲ, ತಗೊಳ್ಳಿ, ನಿಧಾನವಾಗಿ ಕೇಳಿ ತಿಳಿಸಿ ಅಂದ್ರು."

ಮೇಜಿನ ಮೇಲೆ ಒಂದು ಹಳೇ ಫೈಲು ತೆರೆದು ಬಿದ್ದಿತ್ತು. ಕಿವಿ ಉಪಕರಣದ್ದಲ್ಲ, ಬೇರೆ. ಹಾಳೆಯೆಲ್ಲ ಹಳದಿ. ನಾನು ನಾಚಿಕೆ ಬಿಟ್ಟು ಓದಿದೆ. ಮದುವೆಯಾದ ವರ್ಷ: "ಕೇಳಲಾಯಿತು. ಬೋಂಡಾ ಶಬ್ದ ಮಾತ್ರ. ಇನ್ನೂ ಒಳ್ಳೆಯ ಯಂತ್ರ ಬೇಕು." ಪುಟ್ಟಿ ಹುಟ್ಟಿದ ವರ್ಷ: "ಎರಡನೇ ಯಂತ್ರ. ಲಾರಿ ಸ್ಪಷ್ಟವಾಗಿದೆ. ಹಾಡು ಇಲ್ಲ." ಮೂರನೇ ಯಂತ್ರ. ನಾಲ್ಕನೇದು. ಐದನೇದು. ಪ್ರತಿಯೊಂದರ ಕೆಳಗೂ ಹಸಿರು ಸಹಿ. ವಾರ್ತೆಗಂತೆ, ವಾರ್ತೆಗೆ!

"ಅಲ್ರೀ," ಅಕ್ಕನ ದನಿ ಒಡೀತು, "ಇನ್ನೊಂದು ಸಲ ಹಾಡು ಅಂತ ನನ್ನ ಕೇಳಿದ್ರೆ ಆಗ್ತಿರಲಿಲ್ವಾ? ಪಕ್ಕದಲ್ಲೇ ಇದ್ನಲ್ಲ!"

ಭಾವ ನಿಜವಾಗ್ಲೂ ಆಶ್ಚರ್ಯಪಟ್ಟು ಅವಳನ್ನ ನೋಡಿದ್ರು. "ಅದು ಹೇಗಾಗತ್ತೆ? ಅದು ಹೊಸ ಅರ್ಜಿ ಆಗತ್ತೆ. ಹಳೇದು ತೀರ್ಮಾನ ಆಗದೇ ಹೊಸದು ತಗೊಳ್ಳೋ ಹಾಗಿಲ್ಲ."

ಇಂಥ ಮನುಷ್ಯನ್ನ ಏನು ಮಾಡ್ತೀರಿ? ಹೇಳಿ!

"ಹೋಗ್ಲಿ, ಆವತ್ತೇ ಎದುರಿಗೆ ಕೂತಿದ್ರಲ್ಲ. ಆವತ್ತು ಯಾಕೆ ಕೇಳಿಸಲಿಲ್ಲ?"

"ಆವತ್ತು ಗಮನ ಬೇರೆ ಕಡೆ ಇತ್ತು."

"ಎಲ್ಲಿತ್ತು?"

ಭಾವ ಕೆಮ್ಮಿದ್ರು. ಕಿವಿ ಎರಡೂ, ಸಣ್ಣದೂ ಮಧ್ಯಮದ್ದೂ, ಕೆಂಪಾದ್ವು. "ಪುಟ್ಟಿ ಇದೆ. ಆಮೇಲೆ ಹೇಳ್ತೀನಿ."

ಆಮೇಲೆ ಅವಳನ್ನ ಕುರ್ಚಿ ಮೇಲೆ ಕೂರಿಸಿ, ಪಿನ್ನು ಮತ್ತೆ ಸಿಕ್ಕಿಸಿ, ಟೋಪಿಗಳನ್ನ ಅಂಗಿ ತುದಿಯಲ್ಲಿ ಒರೆಸಿ ತಮ್ಮ ಕೈಯಾರೆ ಅವಳ ಕಿವಿಗೆ ಇಟ್ರು. "ಹೊರಗಿನ ಸದ್ದು ಒಂಚೂರೂ ಬೆರೀಬಾರದು. ಬೋಂಡಾ ಹಿಂದೆ ಕೇಳು. ಲಾರಿ ಹೋದ್ಮೇಲೆ."

ಬಸ್ಸು, ಬರಾತು, ತುತ್ತೂರಿ, ಎಲ್ಲ ಯಾತಕ್ಕೆ ಅಂತ ನನಗೆ ಆಗ ಹೊಳೀತು ನೋಡಿ. ಈ ಪುಣ್ಯಾತ್ಮ ಇಡೀ ದೆಹಲೀನ ಹೊರಗಿಡೋಕೆ ಹೊರಟಿದ್ರು.

ಅಕ್ಕ ಕಣ್ಣು ಮುಚ್ಚಿದಳು. ನಮಗೇನೂ ಕೇಳಿಸ್ತಿಲ್ಲ. ಅವಳ ಮುಖ ಮಾತ್ರ ಕಾಣ್ತಿದೆ. ಸ್ವಲ್ಪ ಹೊತ್ತಿಗೆ ತುಟಿ ಅಲ್ಲಾಡೋಕೆ ಶುರುವಾಯ್ತು. ಈ ಸಲ ನಾನು ಹತ್ರ ಹೋದ್ರೂ ನಿಲ್ಲಲಿಲ್ಲ. ಕೆನ್ನೆ ಮೇಲೆ ನೀರು ಇಳೀತಿತ್ತು, ಒರೆಸ್ಕೊಳ್ಳಲೂ ಇಲ್ಲ.

ಭಾವ ಹಳೇ ಫೈಲಿನ ಕೊನೇ ಹಾಳೆ ತಿರುಗಿಸಿ ನನ್ನ ಕಡೆ ತಳ್ಳಿದ್ರು. ಇಂಕು ಇನ್ನೂ ಆರಿರಲಿಲ್ಲ. "ಹಾಡನ್ನು ಹನ್ನೊಂದು ಬಾರಿ ಪರಿಶೀಲಿಸಲಾಯಿತು. ಎರಡನೇ ಚರಣದಲ್ಲಿ ಸ್ವರ ನಡುಗಿದೆ. ಅದು ಲಾರಿಯಿಂದ ಆದದ್ದು, ಹಾಡಿದವರ ತಪ್ಪಲ್ಲ. ಹಾಡು ಬಹಳ ಚೆನ್ನಾಗಿದೆ. ಮೊದಲೇ ಹೇಳಬೇಕಿತ್ತು." ಕೆಳಗೆ ಸಹಿ. ಹಸಿರಲ್ಲ, ಬರೀ ನೀಲಿ. ಅಧಿಕಾರ ಇಲ್ಲದ, ಮಾಮೂಲಿ ಮನುಷ್ಯನ ನೀಲಿ.

ಫೋನ್ ರಿಂಗಾಯ್ತು. ಅಕ್ಕ ಕಿವಿಯಿಂದ ಬಿಚ್ಚಿ, ಮೂಗು ಒರೆಸಿ, ಎತ್ಕೊಂಡಳು. "ಹಾಂ ರೀ. ಹೇಳ್ತೀನಿ. ರಿಸಲ್ಟ್ ಬಂತು."

ಇಯರ್‌ಫೋನ್ ಅವತ್ತೇ ನನ್ನ ಕೈಗೆ ವಾಪಸ್ ಬಂತು, ವೈರು ನೀಟಾಗಿ ಸುತ್ತಿ, ಡಬ್ಬಿ ಸಮೇತ. "ಪರೀಕ್ಷೆ ಮುಗೀತು, ತಗೋ" ಅಂದ್ರು. ಎಡಗಿವಿಯ ಸಣ್ಣ ಟೋಪಿ ಮಾತ್ರ ಇರಲಿಲ್ಲ. ಅದಕ್ಕೂ ತೂತು ಇತ್ತಲ್ಲ, ಟ್ಯಾಗು ಹಾಕಿ ಫೈಲಿಗೆ ಕಟ್ಟಿದ್ರು.

ಸಂಜೆ ಅಕ್ಕ ಏನು ಮಾಡಿದಳು ಅಂತೀರಿ? ಬೋಂಡಾ! ಬಾಣಲೆಗೆ ಎಣ್ಣೆ ಸುರಿದು, ಮೊದಲನೇ ಒಬ್ಬೆ ಬಿಟ್ಟು, ಜಾಲರಿ ಸೌಟು ಆಡಿಸ್ತಾ ಅವಳಿಗೇ ಗೊತ್ತಿಲ್ಲದ ಹಾಗೆ ಹಾಡೋಕೆ ಶುರು ಮಾಡಿದಳು. ಮೆತ್ತಗೆ, ಮೊದಲು ಗಂಟಲಲ್ಲೇ. ಪುಟ್ಟಿ ಹೋಂವರ್ಕ್ ಬಿಟ್ಟು ಕತ್ತೆತ್ತಿ, "ಚಿಕ್ಕಮ್ಮ, ಮಮ್ಮಾ ಗಾ ರಹೀ ಹೈ?" ಅಂತ ಪಿಸುಗುಟ್ಟಿದಳು. ಆ ಮಗು ತಾಯಿ ಹಾಡಿದ್ದನ್ನ ಕೇಳಿದ್ದು ಅದೇ ಮೊದಲು.

ಭಾವ ಪೇಪರ್ ಕೆಳಗಿಟ್ರು. ಎದ್ದು ಅಡುಗೆಮನೆ ಬಾಗಿಲಿಗೆ ಹೋಗಿ, ಟೇಪ್ ರೆಕಾರ್ಡರ್ ಇಟ್ಟಿದ್ನಲ್ಲ, ಅಂಥದೇ ಜಾಗದಲ್ಲಿ ನಿಂತ್ರು. ಸ್ವಲ್ಪ ಹೊತ್ತು ಕೇಳಿದ್ರು. ಎಣ್ಣೆ ಚುಂಯ್ ಅಂತಿತ್ತು. ಆಮೇಲೆ ಯಾರನ್ನೂ ಕೇಳದೆ, ಏನನ್ನೂ ಪರಿಶೀಲಿಸದೆ, ಕೈ ಚಾಚಿ ಗ್ಯಾಸ್ ಆಫ್ ಮಾಡಿದ್ರು.

ಎಣ್ಣೆ ಸುಮ್ಮನಾಯ್ತು. ಅಕ್ಕ ತಿರುಗಿ ನೋಡಿದಳು. ಹಾಡು ನಿಲ್ಲಿಸಲಿಲ್ಲ.

ಆವತ್ತು ನಾವು ತಿಂದಿದ್ದು ಅರ್ಧ ಬೆಂದ, ಎಣ್ಣೆ ಕುಡಿದ, ಒಳಗೆಲ್ಲ ಹಸಿ ಹಿಟ್ಟಿನ ಬೋಂಡಾ. ನಾನು ಮೂರು ಸಲ ಹಾಕಿಸ್ಕೊಂಡೆ.